ಸಂತೆಗೆ ಕಲಾತಂಡ ಕರೆಸುವ ಸದಸ್ಯರ ಗಮನಕ್ಕೆ

ಡೊಳ್ಳನ್ನು ಸಂತೆಮಾಳದ ಬಾಗಿಲಲ್ಲೇ ಬಾರಿಸಿ, 15 ನಿಮಿಷ ಸಾಕು. ತರಕಾರಿ ಸಾಲಿನ ಪಕ್ಕ ಬಾರಿಸಿದರೆ ಚೌಕಾಸಿಯ ಮಾತು ಕೇಳಿಸದೆ ವ್ಯಾಪಾರ ನಿಲ್ಲುತ್ತದೆ. ದನಗಳ ಕಡೆ ಹೋದರಂತೂ ಎತ್ತುಗಳು ಬೆದರಿ ಹಗ್ಗ ಕಿತ್ತುಕೊಳ್ಳುತ್ತವೆ. ತೊಗಲುಗೊಂಬೆಗೆ ಕತ್ತಲಾಗಬೇಕು, ಅಷ್ಟೊತ್ತಿಗೆ ರೈತರು ಗಂಟು ಕಟ್ಟಿರುತ್ತಾರೆ. ಹಗಲು ಸಂತೆಗೆ ಅದು ಬೇಡ. ಬದಲಿಗೆ ಬೀಸುವ ಪದ ಬಲ್ಲ ಊರ ಹೆಂಗಸರನ್ನೇ ಕರೆಯಿರಿ. ಬೀಸುಕಲ್ಲು, ಐದಾರು ಸೇರು ರಾಗಿ, ಒಂದು ಚಾಪೆ ಇದ್ದರಾಯಿತು, ಮೈಕ್ ಬೇಕಿಲ್ಲ. ಬೀಸಿದ ಹಿಟ್ಟನ್ನು ಅಲ್ಲೇ ಅಳೆದು ಮಾರಿ, ಹಾಡು ಕೇಳಲು ನಿಂತವರೇ ಗಿರಾಕಿಗಳಾಗುತ್ತಾರೆ. ಆ ಚಾಪೆ ಜಾಗಕ್ಕೆ ಸಂತೆ ಸುಂಕ ಕೇಳದಂತೆ ಪಂಚಾಯಿತಿಯಿಂದ ಮೊದಲೇ ಬರೆಸಿಕೊಳ್ಳಿ, ಬಾಯಿಮಾತು ನಂಬಬೇಡಿ. ಧ್ವನಿವರ್ಧಕ ಇಟ್ಟರೆ ಠಾಣೆಯ ಅನುಮತಿ ಬೇಕು. ಸಂಭಾವನೆ ಅಂದೇ ಕೈಗೆ ಕೊಡಿ. ‘ಬಿಲ್ ಆದಮೇಲೆ’ ಎಂದರೆ ಮುಂದಿನ ವಾರ ತಂಡ ಬರುವುದಿಲ್ಲ.