ನಮ್ಮ ಮಕ್ಕಳ ಬೇಸಿಗೆ ಶಿಬಿರಕ್ಕೆ ಜೀಪಿನ ಬಾಡಿಗೆ ಬೇಕಾಗಿದೆ

ಪ್ರಿಯರೇ, ಕರ್ತನ ಹೆಸರಿನಲ್ಲಿ ವಂದನೆಗಳು.

ಮೇ ತಿಂಗಳ ಎರಡನೇ ವಾರ ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಮಕ್ಕಳ ಶಿಬಿರ ನಡೆಯುತ್ತದೆ. ನೀವೆಲ್ಲ ವಿ.ಬಿ.ಎಸ್. (ವೆಕೇಶನ್ ಬೈಬಲ್ ಸ್ಕೂಲ್, ರಜೆಯಲ್ಲಿ ನಡೆಯುವ ಬೈಬಲ್ ಶಾಲೆ) ಅಂತ ಕರೆಯುವುದು ಇದನ್ನೇ. ಐದು ದಿನ. ಬೆಳಿಗ್ಗೆ ಒಂಬತ್ತಕ್ಕೆ ಶುರು, ಮಧ್ಯಾಹ್ನ ಊಟ, ನಾಲ್ಕಕ್ಕೆ ವಾಪಸ್.

ಮಲೆನಾಡಿನ ಮನೆಗಳು ಹೇಗಿರುತ್ತವೆ ಅಂತ ನಿಮಗೆ ಗೊತ್ತಲ್ವಾ? ತೋಟದ ತಲೆಯಲ್ಲಿ ಒಂದು, ಗುಡ್ಡ ದಾಟಿದರೆ ಇನ್ನೊಂದು. ನಮ್ಮ ಸಭೆಯ ಕುಟುಂಬಗಳೂ ಹಾಗೇ ಚದುರಿಕೊಂಡಿವೆ. ಊರಿಗೆ ಒಂದು ಮನೆ, ಜಾಸ್ತಿ ಅಂದರೆ ಎರಡು. ಮನೆಮಾತು ಕೆಲವರದು ತುಳು, ಕೆಲವರದು ಮಲಯಾಳ, ಕೆಲವರದು ತಮಿಳು. ಪ್ರಾರ್ಥನೆ ಮಾತ್ರ ಎಲ್ಲರದೂ ಕನ್ನಡದಲ್ಲಿ. ಎಷ್ಟೋ ಶಾಲೆಗಳಲ್ಲಿ ಇಡೀ ತರಗತಿಗೆ ಕ್ರೈಸ್ತ ಮಗು ಒಂದೇ. ಅಕ್ಕಪಕ್ಕದವರು ಒಳ್ಳೆಯವರು. ಕ್ರಿಸ್‌ಮಸ್ ಕೇಕು ಅವರ ಮನೆಗೆ ಹೋಗುತ್ತದೆ, ದೀಪಾವಳಿಯ ಕಜ್ಜಾಯ ನಮ್ಮ ಮನೆಗೆ ಬರುತ್ತದೆ. ಆದರೂ ತನ್ನ ಓರಗೆಯ ಇನ್ನೊಂದು ಮಗು ಕಣ್ಣು ಮುಚ್ಚಿ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಅನ್ನುವುದನ್ನು ಈ ಮಕ್ಕಳು ನೋಡುವುದೇ ಅಪರೂಪ. ಭಾನುವಾರ ಬಸ್ ಇಲ್ಲದ ಊರಿನವರು ಸಂಡೇ ಸ್ಕೂಲಿಗೂ ಬರಲಾರರು. ಅವರಿಗೆ ಈ ಐದು ದಿನವೇ ಎಲ್ಲ.

ಹೋದ ವರ್ಷದ ಒಂದು ಸಂಗತಿ ಹೇಳುತ್ತೇವೆ. ಲೂಕನ ಸುವಾರ್ತೆಯ 15ನೇ ಅಧ್ಯಾಯದ ಕಥೆ ನಡೆಯುತ್ತಿತ್ತು. ಹತ್ತು ಬೆಳ್ಳಿ ನಾಣ್ಯಗಳಲ್ಲಿ ಒಂದನ್ನು ಕಳೆದುಕೊಂಡ ಹೆಂಗಸು ದೀಪ ಹಚ್ಚಿ, ಮನೆ ಗುಡಿಸಿ, ಸಿಗುವ ತನಕ ಹುಡುಕುತ್ತಾಳೆ. ಸುಮ್ನೆ ಹೇಳಿ ಮುಗಿಸುವುದು ಬೇಡ ಅಂತ ನಾವೂ ಹತ್ತು ನಾಣ್ಯ ಎಣಿಸಿ, ಒಂದನ್ನು ಬಚ್ಚಿಟ್ಟೆವು. ಅಷ್ಟರಲ್ಲಿ ಮೋಡ ಕವಿದು ಗುಡುಗಿತು, ಕರೆಂಟು ಹೋಯಿತು. ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಪೊರಕೆ ತಗೊಂಡು ಬೆಂಚುಗಳ ಕೆಳಗೆ ಗುಡಿಸುತ್ತಾ ಹೋದಳು. ಉಳಿದವರು ಮೇಣದಬತ್ತಿ ಹಿಡಿದು ಹಿಂದೆ ಹಿಂದೆ. ಕೊನೆಯ ಬೆಂಚಿನ ಕಾಲಿನ ಹತ್ತಿರ ‘ಟಿಣ್’ ಅಂತು. ನಾಣ್ಯ ಕೈಯಲ್ಲಿ ಹಿಡಿದೇ ಅವಳು ಕೇಳಿದಳು: ‘ಟೀಚರ್, ಇನ್ನೂ ಒಂಬತ್ತು ಇತ್ತಲ್ಲ, ಆ ಅಮ್ಮ ಯಾಕೆ ಸುಮ್ನಿರಲಿಲ್ಲ?’

ನಾವು ಬಾಯಿ ತೆರೆಯುವ ಮೊದಲೇ ಪಕ್ಕದ ಹುಡುಗ ಹೇಳಿದ: ‘ನಮ್ಮ ಕರು ಸಂಜೆ ಕೊಟ್ಟಿಗೆಗೆ ಬರದಿದ್ರೆ ಅಪ್ಪ ಟಾರ್ಚ್ ಹಿಡ್ಕೊಂಡು ಹೋಗ್ತಾರಲ್ಲ, ಹಂಗೇ.’

ದೇವರ ಪ್ರೀತಿಯನ್ನು ಅದಕ್ಕಿಂತ ಚೆನ್ನಾಗಿ ಹೇಳಲು ನಮಗೆ ಬರುತ್ತಿರಲಿಲ್ಲ. ಅವತ್ತಿನ ಪಾಠ ಅಲ್ಲಿಗೇ ಮುಗಿಸಿದೆವು.

ಈಗ ದುಡ್ಡಿನ ವಿಷಯ. ಅಕ್ಕಿ, ತೆಂಗಿನಕಾಯಿ, ಹಲಸು ಹೊರೆಕಾಣಿಕೆಯಾಗಿ ಬರುತ್ತವೆ. ಅಡುಗೆ ನಮ್ಮ ಸ್ತ್ರೀಯರ ಸಂಘದವರದು. ಕಲಿಸುವವರು ಯಾರೂ ಒಂದು ಪೈಸೆ ತಗೊಳ್ಳುವುದಿಲ್ಲ. ಖರ್ಚು ಬರುವುದು ಮಕ್ಕಳನ್ನು ಕರೆತಂದು ವಾಪಸ್ ಬಿಡುವ ಜೀಪಿಗೆ. ಒಂದು ಜೀಪಿಗೆ ದಿನಕ್ಕೆ 1,800 ರೂಪಾಯಿ. ಮೂರು ಜೀಪು, ಐದು ದಿನ, ಒಟ್ಟು 27,000. ಪುಸ್ತಕ, ಬಣ್ಣ, ಕಾಗದಕ್ಕೆ 8,000. ಹೋದ ವರ್ಷ ದುಡ್ಡು ಸಾಲದೆ ಎರಡೇ ಜೀಪು ಮಾಡಿದೆವು. ಆಗುಂಬೆ ಕಡೆಯ ಏಳು ಮಕ್ಕಳು ಬರಲಾಗಲಿಲ್ಲ. ಬಂದವರ ಲೆಕ್ಕ ನೋಡಿಕೊಂಡು ಸಮಾಧಾನ ಮಾಡಿಕೊಳ್ಳಲು ನಮ್ಮಿಂದ ಆಗಲಿಲ್ಲ.

ಒಂದೆರಡು ಮಾತು ಸ್ಪಷ್ಟ ಮಾಡಬೇಕು. ತಂದೆತಾಯಿ ಸಹಿ ಮಾಡಿದ ಪತ್ರವಿಲ್ಲದೆ ಯಾವ ಮಗುವನ್ನೂ ನಾವು ಸೇರಿಸಿಕೊಳ್ಳುವುದಿಲ್ಲ. ನಮಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಪಡೆಯಲು ಬೇಕಾದ ಕಾನೂನಿನ) ನೋಂದಣಿ ಇಲ್ಲ, ಹಾಗಾಗಿ ವಿದೇಶಿ ಪೌರತ್ವ ಇರುವವರು ದಯವಿಟ್ಟು ಹಣ ಕಳಿಸಬೇಡಿ, ಪ್ರಾರ್ಥಿಸಿ.

ಭಾನುವಾರ ಆರಾಧನೆ ಮುಗಿದ ಮೇಲೆ ಖಜಾಂಚಿಯವರ ಕೈಗೆ ಕೊಡಬಹುದು. ನೂರು ರೂಪಾಯಿ ಕೊಟ್ಟರೂ ರಸೀದಿ ಕೇಳಿ ಪಡೆಯಿರಿ. ಜೂನ್ ಮೊದಲ ಭಾನುವಾರ ಪೂರ್ತಿ ಲೆಕ್ಕ ಸಭೆಯಲ್ಲಿ ಓದಿ, ನೋಟಿಸ್ ಬೋರ್ಡಿಗೂ ಹಾಕುತ್ತೇವೆ. ಒಂದು ಜೀಪಿನ ಒಂದು ದಿನದ ಬಾಡಿಗೆಯನ್ನು ಇಬ್ಬರು ಮೂವರು ಸೇರಿ ಹೊತ್ತುಕೊಂಡರೂ ಸಂತೋಷ.

ಏಪ್ರಿಲ್ ಕೊನೆಯೊಳಗೆ ಕೊಟ್ಟರೆ ಒಳ್ಳೆಯದು. ಮೇ ಅಂದರೆ ಮದುವೆ ಸೀಸನ್, ಈಗಲೇ ಮುಂಗಡ ಕೊಟ್ಟು ಹೇಳಿಡದಿದ್ದರೆ ಜೀಪು ಸಿಗುವುದಿಲ್ಲ.

ನಿಮ್ಮ,
ಶಿಬಿರ ಸಮಿತಿ