ಪಿಪ್‌ನನ್ನು ಅರ್ಧದಲ್ಲಿ ಬಿಡಬೇಡ

ಚಿ॥ ಸುಹಾಸನಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನಪ್ಪನ ಮಂಡಿನೋವು ಈಗ ಪರವಾಗಿಲ್ಲ, ಬೆಳಗ್ಗೆ ಮತ್ತೆ ವಾಕಿಂಗ್ ಹೋಗುತ್ತಿದ್ದಾನೆ. ಲಂಡನ್ನಿನಲ್ಲಿ ಚಳಿ ಜಾಸ್ತಿ ಅಂತ ನಿಮ್ಮಮ್ಮ ಹೇಳುತ್ತಿದ್ದಳು. ಹುಷಾರಾಗಿರು.

ನಿನ್ನ ಮೆಸೇಜು ಓದಿದೆ. ಚಾರ್ಲ್ಸ್ ಡಿಕನ್ಸ್‌ನ ಕಾದಂಬರಿ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಅರ್ಧಕ್ಕೆ ನಿಂತಿದೆ, ಅದರ ನಾಯಕ ಈ ಪಿಪ್‌ನನ್ನು ಸಹಿಸೋಕೆ ಆಗುತ್ತಿಲ್ಲ, ಬಿಟ್ಟುಬಿಡಲಾ ಅಂತ ಕೇಳಿದ್ದೀಯ. ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸಲು ನನಗೆ ಮನಸ್ಸಾಗಲಿಲ್ಲ. ಬಿಡಬೇಡ ಕಣೋ. ಯಾಕೆ ಅಂತ ಬರೆದಿದ್ದೇನೆ, ಬಿಡುವಾದಾಗ ಓದು.

ನೀನು ಶಾಲೆಯಲ್ಲಿ ಓದಿದ್ದು ಮಕ್ಕಳಿಗೆಂದು ಚಿಕ್ಕದು ಮಾಡಿದ ಪುಸ್ತಕ. ನಾನು ಪಿಯುಸಿಯಲ್ಲಿ ಓದಿದ್ದೂ ಅಂಥದ್ದೇ, ತೆಳ್ಳಗಿನ ನಾನ್‌ಡೀಟೇಲ್. ಅದರಲ್ಲಿ ಕತೆಯೇನೋ ಪೂರ್ತಿ ಇರುತ್ತದೆ. ಸ್ಮಶಾನದಲ್ಲಿ ಹುಡುಗನನ್ನು ಹಿಡಿದು ಬೆದರಿಸುವ ಕೈದಿ ಇರುತ್ತಾನೆ. ಮದುವೆ ದಿನವೇ ಮೋಸಹೋಗಿ, ಒಂಬತ್ತಕ್ಕೆ ಇಪ್ಪತ್ತು ನಿಮಿಷ ಇರುವಾಗ ಮನೆಯ ಗಡಿಯಾರಗಳನ್ನೆಲ್ಲ ನಿಲ್ಲಿಸಿ, ಅದೇ ಮದುವೆಯ ಉಡುಪಿನಲ್ಲಿ ಮುದುಕಿಯಾದ ಮಿಸ್ ಹ್ಯಾವಿಶಮ್ ಇರುತ್ತಾಳೆ. ಹಳ್ಳಿಯ ಕಮ್ಮಾರನ ಮನೆಯಲ್ಲಿ ಬೆಳೆದ ಹುಡುಗನಿಗೆ ಯಾರೋ ಗುಟ್ಟಾಗಿ ದುಡ್ಡು ಕೊಟ್ಟು ಲಂಡನ್ನಿಗೆ ಕಳಿಸುತ್ತಾರೆ, ಆ ದುಡ್ಡು ಯಾರದ್ದು ಅಂತ ಆಮೇಲೆ ಗೊತ್ತಾಗುತ್ತದೆ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಇದನ್ನೆಲ್ಲ ಹೇಳುತ್ತಿರುವವನು ಯಾರು ಅನ್ನುವುದು ಆ ಚಿಕ್ಕ ಪುಸ್ತಕದಲ್ಲಿ ಉಳಿದಿರುವುದಿಲ್ಲ.

ಹೇಳುತ್ತಿರುವವನು ಹುಡುಗ ಪಿಪ್ ಅಲ್ಲ. ಕೊನೆಯ ಅಧ್ಯಾಯದ ಹೊತ್ತಿಗೆ ಅವನಿಗೆ ಮೂವತ್ತೈದರ ಆಸುಪಾಸು. ಅಲ್ಲಿಂದಾಚೆ ಯಾವಾಗಲೋ ಒಂದು ದಿನ ಕೂತು, ತನ್ನದೆಲ್ಲವನ್ನೂ ನೆನೆಸಿಕೊಂಡು ಬರೆಯುತ್ತಿದ್ದಾನೆ. ನೀನು ಅವನನ್ನು ಸ್ವಾರ್ಥಿ ಅಂದೆ, ಕೃತಘ್ನ ಅಂದೆ. ಅದು ನಿನಗೆ ಗೊತ್ತಾದದ್ದು ಹೇಗೆ ಹೇಳು? ಅವನೇ ಹೇಳಿದ್ದರಿಂದ, ಅಲ್ವಾ? ತನ್ನನ್ನು ಸಾಕಿದ ಕಮ್ಮಾರ ಜೋ ಲಂಡನ್ನಿಗೆ ಬರುತ್ತಿದ್ದಾನೆ ಅಂತ ತಿಳಿದಾಗ, ದುಡ್ಡು ಕೊಟ್ಟಾದರೂ ಅವನನ್ನು ಬರದಂತೆ ತಡೆಯಬಹುದಿದ್ದರೆ ಕೊಟ್ಟೇ ಕೊಡುತ್ತಿದ್ದೆ ಅನ್ನುತ್ತಾನೆ ಪಿಪ್. ಇದು ಅವನ ಮನಸ್ಸಿನೊಳಗೆ ಮಾತ್ರ ನಡೆದದ್ದು. ಮುಚ್ಚಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವನು ಮುಚ್ಚಿಡಲಿಲ್ಲ. ಸಣ್ಣವರಿದ್ದಾಗ ನಮಗೆ ತಪ್ಪು ಮಾಡುವ ಪಿಪ್ ಒಬ್ಬನೇ ಕಾಣುತ್ತಾನೆ. ಅದನ್ನು ಒಂದನ್ನೂ ಬಿಡದೆ ಬರೆದಿಡುವ ಇನ್ನೊಬ್ಬ ಪಿಪ್ ಕಾಣಬೇಕಾದರೆ ನಮಗೂ ಒಂದಿಷ್ಟು ವಯಸ್ಸಾಗಿರಬೇಕು. ನಿನಗೀಗ ಆಗಿದೆ.

ಆ 27ನೇ ಅಧ್ಯಾಯವನ್ನೇ ಇನ್ನೊಂದು ಸಲ ಓದು. ಅವಸರ ಮಾಡದೆ. ಲಂಡನ್ನಿನಲ್ಲಿ ಪಿಪ್ ಇರುವ ಬಾರ್ನಾರ್ಡ್ಸ್ ಇನ್ನಿನ ಮೆಟ್ಟಿಲನ್ನು ಜೋ ಹತ್ತುತ್ತಾನೆ. ಹಬ್ಬಕ್ಕೆಂದು ಇಟ್ಟ ಬೂಟು ಅವನ ಕಾಲಿಗೆ ದೊಡ್ಡದು, ಸದ್ದಿನಲ್ಲೇ ಪಿಪ್‌ಗೆ ಗುರುತು ಸಿಗುತ್ತದೆ. ಬಾಗಿಲ ಹೊರಗಿನ ಮ್ಯಾಟಿನ ಮೇಲೆ ಕಾಲು ಒರೆಸುತ್ತಾನೆ, ಒರೆಸುತ್ತಲೇ ಇರುತ್ತಾನೆ. ಒಳಗೆ ಬಂದ ಮೇಲೆ ಕೈಯಲ್ಲಿರುವ ಹ್ಯಾಟನ್ನು ಎಲ್ಲಿಡಬೇಕೋ ತಿಳಿಯುವುದಿಲ್ಲ. ಬೆಂಕಿಗೂಡಿನ ಮೇಲಿನ ಹಲಗೆಯ ತುತ್ತತುದಿಗೆ ಇಡುತ್ತಾನೆ. ಅದು ಬೀಳುತ್ತದೆ. ಮತ್ತೆ ಇಡುತ್ತಾನೆ, ಮತ್ತೆ ಬೀಳುತ್ತದೆ. ಮಾತಾಡುವಾಗಲೂ ಅವನ ಒಂದು ಕಣ್ಣು ಹ್ಯಾಟಿನ ಮೇಲೇ. ವಿಕೆಟ್ ಕೀಪರ್ ಥರ ಹಾರಿ ಹಾರಿ ಹಿಡಿಯುತ್ತಾನೆ ಅಂತ ಡಿಕನ್ಸ್ ಬರೆಯುತ್ತಾನೆ. ಕೊನೆಗೆ ಅದು ಟೀ ಮೇಜಿನ ಮೇಲಿದ್ದ ಗಲೀಜು ನೀರಿನ ಬೋಗುಣಿಗೆ ಬೀಳುತ್ತದೆ. ಕಾಲೇಜಿನಲ್ಲಿ ನಾವೆಲ್ಲ ಇಲ್ಲಿ ನಕ್ಕಿದ್ದೆವು. ಎಷ್ಟೋ ವರ್ಷದ ಮೇಲೆ ಪೂರ್ತಿ ಪುಸ್ತಕ ಕೈಗೆ ಬಂದಾಗ ನನ್ನಿಂದ ನಗಲಾಗಲಿಲ್ಲ. ತನ್ನ ಕುಲುಮೆಯಲ್ಲಿ ಕಾದ ಕಬ್ಬಿಣವನ್ನು ಬೇಕಾದ ಹಾಗೆ ಬಗ್ಗಿಸುವ ಆಸಾಮಿ ಇವನು. ಒಂದು ಹ್ಯಾಟು ಎಲ್ಲಿಡಬೇಕು ಅಂತ ತಿಳಿಯದೆ ಬೆವರುತ್ತಾನೆ, ಯಾಕೆಂದರೆ ಅವನೇ ಸಾಕಿದ ಹುಡುಗ ಎದುರು ಕೂತು ಮುಖ ಗಂಟು ಹಾಕಿಕೊಂಡಿದ್ದಾನೆ.

ಹೊರಡುವ ಮುಂಚೆ ಜೋ ಮಾತಾಡುತ್ತಾನೆ ನೋಡು, ಅಲ್ಲಿ ತಡವರಿಕೆಯೇ ಇಲ್ಲ. ನಾವಿಬ್ಬರೂ ಲಂಡನ್ನಿನಲ್ಲಿ ಒಟ್ಟಿಗೆ ಇರುವಂಥವರಲ್ಲ, ಈ ಬಟ್ಟೆಯಲ್ಲಿ ನಾನು ನಾನಲ್ಲ, ಯಾವಾಗಲಾದರೂ ನೋಡಬೇಕೆನಿಸಿದರೆ ಕುಲುಮೆಯ ಕಿಟಕಿಯಲ್ಲಿ ತಲೆ ಹಾಕು, ಸುಟ್ಟ ಏಪ್ರನ್ ಕಟ್ಟಿ ಕೆಲಸ ಮಾಡುವಾಗ ನೋಡು, ಆಗ ನನ್ನಲ್ಲಿ ಇಷ್ಟೊಂದು ಕೊರೆ ಕಾಣುವುದಿಲ್ಲ ಅನ್ನುತ್ತಾನೆ. ಅದರಲ್ಲಿ ಕೋಪವೂ ಇಲ್ಲ, ಗೋಗರೆಯುವುದೂ ಇಲ್ಲ. ಹುಡುಗನ ಹಣೆ ಮುಟ್ಟಿ ಹೋಗಿಬಿಡುತ್ತಾನೆ. ಪಿಪ್ ಎಚ್ಚೆತ್ತು ಬೀದಿಗೆ ಓಡುವಷ್ಟರಲ್ಲಿ ಜೋ ಇರುವುದಿಲ್ಲ.

ಈ ಜೋನನ್ನು ಮಾತ್ರ ಪೆದ್ದ ಅಂದುಕೊಂಡು ಮುಂದೆ ಹೋಗಬೇಡ. ಹೆಂಡತಿ ಬೈದರೂ ಬಾಯಿ ಮುಚ್ಚಿಕೊಂಡಿರುವ ಕೈಲಾಗದ ಗಂಡ ಅಂತ ನಮ್ಮ ಕ್ಲಾಸಿನಲ್ಲಿ ಎಲ್ಲರ ತೀರ್ಮಾನ ಆಗಿತ್ತು. 7ನೇ ಅಧ್ಯಾಯದಲ್ಲಿ ಅವನೇ ಕಾರಣ ಹೇಳುತ್ತಾನೆ. ಅವನಪ್ಪ ಕುಡಿದು ಬಂದು ಅವನನ್ನೂ ಅವನ ತಾಯಿಯನ್ನೂ ಹೊಡೆಯುತ್ತಿದ್ದ. ತಾಯಿ ಮಗ ಓಡಿಹೋಗಿ ಎಲ್ಲೋ ಕೆಲಸಕ್ಕೆ ಸೇರಿದರೆ ಅಪ್ಪ ಹುಡುಕಿಕೊಂಡು ಬಂದು ಎಳೆದೊಯ್ಯುತ್ತಿದ್ದ. ಅವನ ಓದು ನಿಂತದ್ದೇ ಹಾಗೆ. ತಾಯಿ ಪಟ್ಟ ಪಾಡು ಕಂಡಿದ್ದರಿಂದ, ಹೆಂಗಸಿನ ವಿಷಯದಲ್ಲಿ ತಪ್ಪುವುದೇ ಆದರೆ ತಾನು ಕಷ್ಟಪಡುವ ಕಡೆಗೆ ತಪ್ಪಲಿ ಅಂತ ಅವನು ನಿರ್ಧಾರ ಮಾಡಿದ್ದಾನೆ. ಆ ಮನೆಯಲ್ಲಿ ಎಲ್ಲರಿಗಿಂತ ಬಲವಾದ ತೋಳು ಅವನದ್ದೇ. ಅದನ್ನು ಎತ್ತುವುದಿಲ್ಲ ಅನ್ನುವುದು ಅವನು ಯೋಚಿಸಿ ಮಾಡಿದ ಆಯ್ಕೆ. ಇಷ್ಟನ್ನು ಡಿಕನ್ಸ್ ಬೆಂಕಿ ಮುಂದೆ ಕೂತ ಇಬ್ಬರ ಹರಟೆಯಲ್ಲಿ ಹೇಳಿ ಮುಗಿಸುತ್ತಾನೆ. ಕಣ್ಣು ತಪ್ಪಿದರೆ ತಪ್ಪಿಹೋಗುತ್ತದೆ.

ಅದಕ್ಕೂ ಮುಂಚೆ, 5ನೇ ಅಧ್ಯಾಯದಲ್ಲಿ, ಪಿಪ್ ಹೆದರಿ ಮನೆಯಿಂದ ಕದ್ದು ತಂದುಕೊಟ್ಟದ್ದನ್ನು ತಿಂದಿದ್ದ ಕೈದಿ, ಸಿಕ್ಕಿಬಿದ್ದಾಗ, ಹುಡುಗನ ಮೇಲೆ ಅನುಮಾನ ಬರದಿರಲಿ ಅಂತ ಕಮ್ಮಾರನ ಮನೆಯಿಂದ ತಿನ್ನುವುದಕ್ಕೆ ಕದ್ದವನು ನಾನೇ ಅಂತ ಸುಳ್ಳು ಹೇಳುತ್ತಾನೆ. ಜೋ ಏನನ್ನುತ್ತಾನೆ ಗೊತ್ತಾ? ತಿಂದೆಯಾ, ಒಳ್ಳೇದಾಯಿತು, ನೀನು ಏನು ತಪ್ಪು ಮಾಡಿದ್ದೀಯೋ ನಮಗೆ ಗೊತ್ತಿಲ್ಲ, ಅದಕ್ಕೋಸ್ಕರ ಹಸಿವಿನಿಂದ ಸಾಯಲಿ ಅಂತ ನಾವು ಅನ್ನುವುದಿಲ್ಲ, ಅಲ್ವೇನೋ ಪಿಪ್ ಅನ್ನುತ್ತಾನೆ. ಕೈದಿಯ ಗಂಟಲಲ್ಲಿ ಏನೋ ಕಟ್ಟಿಕೊಂಡಂಥ ಸದ್ದು, ಅವನು ಬೆನ್ನು ತಿರುಗಿಸುತ್ತಾನೆ. ಮುಂದಿನ ಐವತ್ತು ಅಧ್ಯಾಯಗಳ ಬೀಜ ಇಲ್ಲೇ ಇದೆ. ನಾನ್‌ಡೀಟೇಲ್‌ನಲ್ಲಿ ಈ ಮಾತು ಓದಿದ ನೆನಪು ನನಗಂತೂ ಇಲ್ಲ.

ನೀನು ನಿಂತಿರುವ ಕಡೆಯಿಂದ ಸ್ವಲ್ಪ ಮುಂದೆ 34ನೇ ಅಧ್ಯಾಯ ಬರುತ್ತದೆ. ಬ್ಯಾಂಕಿನಲ್ಲಿ ಸಾಲದ ಫೈಲುಗಳ ನಡುವೆ ಸರ್ವಿಸ್ ಮುಗಿಸಿದವಳು ನಾನು, ಅದು ನನಗೆ ಬಲು ಇಷ್ಟ. ಪಿಪ್ ಮತ್ತು ಅವನ ಗೆಳೆಯ ಹರ್ಬರ್ಟ್ ಕೈತುಂಬ ಸಾಲ ಮಾಡಿಕೊಂಡಿದ್ದಾರೆ. ಒಂದು ಸಂಜೆ ಲೆಕ್ಕ ನೋಡಲೇಬೇಕು ಅಂತ ಕೂರುತ್ತಾರೆ. ಅದಕ್ಕೆ ಮೊದಲು ಒಳ್ಳೇ ಊಟ ತರಿಸುತ್ತಾರೆ. ಹೊಸ ಪೆನ್ನು, ಇಂಕು, ಕಾಗದ ಎಲ್ಲ ಜೋಡಿಸುತ್ತಾರೆ. ಸಾಲ 164 ಪೌಂಡ್ ಚಿಲ್ಲರೆ ಬಂದರೆ, ಸ್ವಲ್ಪ ಮಾರ್ಜಿನ್ ಇರಲಿ ಅಂತ 200 ಅಂತ ಬರೆದುಕೊಳ್ಳುತ್ತಾರೆ. ಬರೆದ ಮೇಲೆ ಎಂಥದೋ ನೆಮ್ಮದಿ. ಆಮೇಲೆ ಆ ಮಾರ್ಜಿನ್ ತುಂಬುವಷ್ಟು ಹೊಸ ಸಾಲ ಮಾಡುತ್ತಾರೆ! ಪಟ್ಟಿ ಬರೆದದ್ದನ್ನೇ ಸಾಲ ತೀರಿಸಿದ ಹಾಗೆ ಅಂದುಕೊಂಡ ಎಷ್ಟೋ ಜನರನ್ನು ನಾನು ಕೌಂಟರಿನ ಈಚೆ ಕೂತು ನೋಡಿದ್ದೇನೆ. ಕ್ರೆಡಿಟ್ ಕಾರ್ಡ್ ಇರುವ ನಿನಗೂ ಆ ಅಧ್ಯಾಯ ಒಳ್ಳೆಯದು.

ಸಾಲದ ವಿಷಯ ಡಿಕನ್ಸ್‌ಗೆ ಸುಮ್ನೆ ಬಂದದ್ದಲ್ಲ. ಅವನು ಹುಟ್ಟಿದ್ದು 1812ರಲ್ಲಿ. 1824ರಲ್ಲಿ ಅವನ ತಂದೆಯನ್ನು 40 ಪೌಂಡ್ ಚಿಲ್ಲರೆ ಬಾಕಿಗಾಗಿ ಮಾರ್ಷಲ್‌ಸೀ ಜೈಲಿಗೆ ಹಾಕಿದರು. ಹನ್ನೆರಡು ವರ್ಷದ ಹುಡುಗ ಥೇಮ್ಸ್ ದಂಡೆಯ ಒಂದು ಕಾರ್ಖಾನೆಯಲ್ಲಿ ಬೂಟ್ ಪಾಲಿಶ್ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದ. ಅದನ್ನು ಅವನು ಬದುಕಿರುವವರೆಗೂ ಜನರಿಂದ ಮುಚ್ಚಿಟ್ಟ. ಗೆಳೆಯ ಜಾನ್ ಫಾರ್ಸ್ಟರ್‌ಗೆ ಹೇಳಿದ್ದ, ಫಾರ್ಸ್ಟರ್ ಬರೆದ ಜೀವನಚರಿತ್ರೆಯಿಂದ ಲೋಕಕ್ಕೆ ತಿಳಿದದ್ದು 1870ರಲ್ಲಿ ಡಿಕನ್ಸ್ ತೀರಿಕೊಂಡ ಮೇಲೆ. ಬಾಲ್ಯದ ನಾಚಿಕೆಯನ್ನು ಇಷ್ಟು ಆಳದಲ್ಲಿ ಇಟ್ಟುಕೊಂಡಿದ್ದವನಿಗೇ ಪಿಪ್‌ನ ನಾಚಿಕೆ ಬರೆಯಲು ಬರುತ್ತದೆ.

ಇನ್ನೊಂದು ಸಂಗತಿ. ಈ ಕಾದಂಬರಿ ಶುರು ಮಾಡುವ ಹೊತ್ತಿಗೆ ಡಿಕನ್ಸ್ ತನ್ನದೇ ಹಳೇ ‘ಡೇವಿಡ್ ಕಾಪರ್‌ಫೀಲ್ಡ್’ ತೆಗೆದು ಓದಿದ. ಅದೂ ಒಬ್ಬ ಹುಡುಗ ತನ್ನ ಕತೆ ಹೇಳುವ ಪುಸ್ತಕವಲ್ವಾ, ಅದನ್ನೇ ಮತ್ತೆ ಬರೆಯಬಾರದು ಅಂತ. ಓದಿ ತನ್ನ ಮನಸ್ಸು ಎಷ್ಟು ಕಲಕಿತು ಅಂತ ಫಾರ್ಸ್ಟರ್‌ಗೆ ಬರೆದಿದ್ದಾನೆ. ಬರೆದವನಿಗೇ ಹತ್ತು ವರ್ಷದ ಮೇಲೆ ಹಾಗಾಗುವುದಾದರೆ ನಮ್ಮದೇನು!

ನೀನು ಒಂದೇ ವಾರಾಂತ್ಯದಲ್ಲಿ ಅಷ್ಟೊಂದು ಪುಟ ಓದಿದ್ದೂ ಬೇಸರಕ್ಕೆ ಕಾರಣ ಇರಬಹುದು. ಇದು ಹಾಗೆ ಓದಲೆಂದು ಬರೆದದ್ದಲ್ಲ. ಡಿಕನ್ಸ್ ನಡೆಸುತ್ತಿದ್ದ ‘ಆಲ್ ದಿ ಇಯರ್ ರೌಂಡ್’ ವಾರಪತ್ರಿಕೆಯ ಮಾರಾಟ ಇನ್ನೊಬ್ಬರ ಧಾರಾವಾಹಿಯಿಂದಾಗಿ ಇಳಿಯುತ್ತಿತ್ತು. ಪತ್ರಿಕೆ ಉಳಿಸಲು ತಾನೇ ಕೈಹಾಕಿದ. 1860ರ ಡಿಸೆಂಬರ್ 1ರಿಂದ 1861ರ ಆಗಸ್ಟ್‌ವರೆಗೆ, 36 ವಾರ, ವಾರಕ್ಕೆ ಒಂದೋ ಎರಡೋ ಅಧ್ಯಾಯ. ನಮ್ಮಮ್ಮ, ಅಂದರೆ ನಿನ್ನಜ್ಜಿ, ವಾರಪತ್ರಿಕೆ ಬರುವ ದಿನ ಗೇಟಿನ ಹತ್ತಿರವೇ ಓಡಾಡುತ್ತಿದ್ದಳು. ಧಾರಾವಾಹಿ ಓದಿ ಮುಗಿಸಿ ಮುಂದಿನ ವಾರದವರೆಗೆ ಅದರ ಜನರ ಬಗ್ಗೆ ಪಕ್ಕದ ಮನೆಯವರ ಥರ ಮಾತಾಡುತ್ತಿದ್ದಳು. ನೀನೂ ಹಾಗೆ ಓದಿ ನೋಡು. ಭಾನುವಾರ ಎರಡು ಅಧ್ಯಾಯ. ಉಳಿದ ದಿನ ಅದು ತಲೆಯಲ್ಲಿರಲಿ.

ನೀನಿರುವ ಊರಲ್ಲೇ ಇದೆಲ್ಲ ನಡೆದದ್ದು ಅನ್ನುವುದೂ ನಿನ್ನ ಭಾಗ್ಯ. ಬಾರ್ನಾರ್ಡ್ಸ್ ಇನ್ ಹೋಬರ್ನ್ ಹತ್ತಿರ ಈಗಲೂ ಇದೆ. ಅದರ ಹಳೇ ಹಾಲ್‌ನಲ್ಲಿ ಗ್ರೆಶಮ್ ಕಾಲೇಜಿನವರು ಎಷ್ಟೋ ವರ್ಷ ಉಪನ್ಯಾಸ ನಡೆಸಿದ್ದಾರೆ. ಒಂದು ದಿನ ರಜೆ ಹಾಕಿ ಕೆಂಟ್ ಕಡೆಗೂ ಹೋಗು. ಆ ಕಾಲದಲ್ಲಿ ಡಿಕನ್ಸ್ ಅಲ್ಲೇ, ರಾಚೆಸ್ಟರ್ ಹತ್ತಿರದ ಗ್ಯಾಡ್ಸ್ ಹಿಲ್‌ನಲ್ಲಿ ಇದ್ದ. ಅಲ್ಲಿಂದ ಸ್ವಲ್ಪ ದೂರದಲ್ಲಿ ಕೂಲಿಂಗ್ ಅಂತ ಹಳ್ಳಿ. ಅದರ ಚರ್ಚಿನ ಅಂಗಳದಲ್ಲಿ ಮಕ್ಕಳ ಗೋರಿಗಳಿವೆ, ಉದ್ದುದ್ದನೆಯ ಪುಟ್ಟ ಕಲ್ಲುಗಳು, 13. ಪಿಪ್‌ನ ಗೋರಿಗಳು ಅಂತಲೇ ಜನ ಅವನ್ನು ಕರೆಯುತ್ತಾರೆ. ಕಾದಂಬರಿಯಲ್ಲಿ ಡಿಕನ್ಸ್ ಐದೇ ಇಟ್ಟಿದ್ದಾನೆ, ಪಿಪ್‌ನ ಐದು ಅಣ್ಣತಮ್ಮಂದಿರಿಗೆ. ತಂದೆ ತಾಯಿಯ ಮುಖ ಕಾಣದ ಹುಡುಗ, ಗೋರಿಯ ಮೇಲಿನ ಅಕ್ಷರಗಳ ಆಕಾರ ನೋಡಿ ಅಪ್ಪ ದಪ್ಪಗೆ, ಕಪ್ಪಗೆ, ಗುಂಗುರು ಕೂದಲಿನವನು ಅಂತ ಊಹಿಸುತ್ತಾನಲ್ಲ, ಅದು ಮೊದಲ ಪುಟದಲ್ಲೇ ಇದೆ. ಆ ಪುಟವನ್ನು ಅಲ್ಲೇ ನಿಂತು ಓದು.

ಮಿಸ್ ಹ್ಯಾವಿಶಮ್ ಸಾಕಿದ ಹುಡುಗಿ, ಪಿಪ್ ಮನಸೋತ ಎಸ್ಟೆಲ್ಲಾಳ ಭಾಗ ನನಗೆ ಅಷ್ಟಾಗಿ ಹಿಡಿಸಲಿಲ್ಲ, ನಿನ್ನಿಷ್ಟ. ಆದರೆ 39ರಿಂದ ಆಚೆಗೆ, ಕೈದಿ ಮ್ಯಾಗ್ವಿಚ್ ಮರಳಿ ಬಂದ ಮೇಲೆ, ಒಂದು ಸಾಲನ್ನೂ ಹಾರಿಸಬೇಡ. ಅವನನ್ನು ಕಂಡು ಹೇಸುವ ಪಿಪ್ ಕೊನೆಗೆ ಅವನ ಕೈ ಹಿಡಿದು ಜೈಲಿನ ಆಸ್ಪತ್ರೆಯಲ್ಲಿ ಕೂರುವವರೆಗೆ ನಡೆಯುವುದು ಮೆಲ್ಲಗೆ, ಒಂದೊಂದೇ ಹೆಜ್ಜೆ. ಆಮೇಲೆ 57. ಪಿಪ್‌ಗೆ ಜ್ವರ, ಸಾಲಕ್ಕೆ ಹಿಡಿದೊಯ್ಯಲು ಬಾಗಿಲಿಗೆ ಜನ. ಕಣ್ಣುಬಿಟ್ಟರೆ ಪಕ್ಕದಲ್ಲಿ ಜೋ. ಹುಷಾರಿಲ್ಲದ ಅಷ್ಟೂ ದಿನ ಹಳೇ ಸಲಿಗೆ. ಮೈಗೆ ಶಕ್ತಿ ಬಂದ ಹಾಗೆಲ್ಲ ಜೋ ಬಾಯಲ್ಲಿ ಮತ್ತೆ ‘ಸರ್’. ಒಂದು ಬೆಳಗ್ಗೆ ನೋಡಿದರೆ ಅವನಿಲ್ಲ. ಒಂದು ಚೀಟಿ, ಜೊತೆಗೆ ರಸೀದಿ. 123 ಪೌಂಡ್ 15 ಶಿಲ್ಲಿಂಗ್ 6 ಪೆನ್ಸ್ ಸಾಲವನ್ನು ಆ ಕಮ್ಮಾರ ತೀರಿಸಿ, ಬಾಯಿಬಿಡದೆ ಊರಿಗೆ ಹೋಗಿದ್ದಾನೆ. ಆ ಚೀಟಿಯನ್ನು ಅವನೇ ಬರೆದದ್ದು ಅನ್ನುವುದನ್ನು ಗಮನಿಸು. ಮೊದಲು ತನ್ನ ಹೆಸರಿನ ಎರಡಕ್ಷರ ಬಿಟ್ಟು ಬೇರೇನೂ ಓದಲು ಬಾರದವನು. ಅವರ ಹಳ್ಳಿಯ ಹುಡುಗಿ ಬಿಡ್ಡಿ ಅವನಿಗೆ ಕಲಿಸಿದ್ದಾಳೆ. ಹಾರೆ ಹಿಡಿಯುವವನ ಥರ ಅಂಗಿಯ ತೋಳು ಮಡಚಿ ಪೆನ್ನು ಹಿಡಿಯುತ್ತಾನೆ.

ಕೊನೆಯ ಬಗ್ಗೆ ಒಂದು ಮಾತು. ಡಿಕನ್ಸ್ ಮೊದಲು ಬರೆದದ್ದು ಬೇರೆ ಮುಕ್ತಾಯ. ಬುಲ್ವರ್ ಲಿಟ್ಟನ್ ಅನ್ನುವ ಗೆಳೆಯನ ಮಾತು ಕೇಳಿ ಬದಲಾಯಿಸಿದ. ಎಷ್ಟೋ ಮುದ್ರಣಗಳ ಹಿಂದೆ ಮೊದಲಿನದನ್ನೂ ಹಾಕಿರುತ್ತಾರೆ, ನಿನ್ನ ಪ್ರತಿಯಲ್ಲಿ ಇದೆಯಾ ನೋಡು. ಅದರಲ್ಲಿ ಪಿಪ್ ಮತ್ತು ಎಸ್ಟೆಲ್ಲಾ ಲಂಡನ್ನಿನ ಬೀದಿಯಲ್ಲಿ ಒಂದು ಗಳಿಗೆ ಭೇಟಿಯಾಗಿ, ತಮ್ಮ ತಮ್ಮ ದಾರಿ ಹಿಡಿಯುತ್ತಾರೆ. ಪಿಪ್ ಜೊತೆಗಿರುವ ಜೋ ಮಗನನ್ನು ಅವಳು ಪಿಪ್‌ನ ಮಗನೇ ಅಂದುಕೊಳ್ಳುತ್ತಾಳೆ, ಪಿಪ್ ಅಲ್ಲ ಅನ್ನುವುದಿಲ್ಲ. ನನಗೆ ಅದೇ ಸರಿ ಅನ್ನಿಸುತ್ತದೆ. ನಿಮ್ಮ ಮಾವ ಒಪ್ಪುವುದಿಲ್ಲ, ಅಷ್ಟು ಕಷ್ಟಪಟ್ಟವರು ಸೇರಲಿ ಬಿಡು ಅನ್ನುತ್ತಾರೆ. ಎರಡೂ ಓದಿ ನಿನ್ನ ಅಭಿಪ್ರಾಯ ಬರೆ. ಮೆಸೇಜಿನಲ್ಲಿ ಬೇಡ, ಹೀಗೇ ಉದ್ದಕ್ಕೆ ಬರೆ.

ಊಟ ತಿಂಡಿ ಹೊತ್ತಿಗೆ ಸರಿಯಾಗಿ ಮಾಡು.

ಇಂತಿ,
ನಿನ್ನ ಅತ್ತೆ