ಮಾತು ಬರಲಿ ಎಂದು ಕಾಯಬೇಡಿ

ಮಾನ್ಯರೇ,

ಅಪರೂಪದ ವಂಶವಾಹಿ ತೊಂದರೆ ಇರುವ ಮಕ್ಕಳ ವಿಷಯದಲ್ಲಿ ‘ಮಾತು ನಿಧಾನಕ್ಕೆ ಬರುತ್ತೆ ಬಿಡಿ’ ಎಂದು ಸುಮ್ನೆ ಕಾಯುವುದು ಸರಿಯಲ್ಲ. ನಮ್ಮ ನೆಂಟರ ಮನೆಯ ಮಗುವಿಗೆ ಹೀಗೇ ಎರಡು ವರ್ಷ ಹೋಯಿತು. ‘ಅಪ್ಪನಿಗೂ ತಡವಾಗಿಯೇ ಮಾತು ಬಂದಿದ್ದು’ ಎಂದು ಎಲ್ಲರೂ ಸಮಾಧಾನ ಹೇಳಿದೆವು, ನಾನೂ ಸೇರಿ. ಕೊನೆಗೆ ಗೊತ್ತಾಗಿದ್ದು ಏಂಜಲ್‌ಮನ್ ಸಿಂಡ್ರೋಮ್. 15ನೇ ವರ್ಣತಂತುವಿನ ಒಂದು ವಂಶವಾಹಿ ಮೆದುಳಿನಲ್ಲಿ ಕೆಲಸ ಮಾಡದೆ ಬರುವ ತೊಂದರೆ ಇದು. ಹೆಚ್ಚಿನ ಮಕ್ಕಳು ನಾಲ್ಕಾರು ಪದಕ್ಕಿಂತ ಜಾಸ್ತಿ ಆಡುವುದಿಲ್ಲ. ಆದರೆ ಆಡುವುದಕ್ಕಿಂತ ಹೆಚ್ಚು ಅರ್ಥ ಮಾಡಿಕೊಳ್ಳುತ್ತಾರೆ. ಕೈ ಹಿಡಿದು ಎಳೆಯುವುದು, ದಿಟ್ಟಿಸಿ ನೋಡುವುದು, ಚಿತ್ರ ಮುಟ್ಟಿ ತೋರಿಸುವುದು, ಇವೂ ಮಾತೇ ಅಲ್ವಾ? ಬೇಕಾದ್ದನ್ನು ತೋರಿಸಿ ಹೇಳಲು ಚಿತ್ರ ಕೊಟ್ಟರೆ ಮಗು ಮಾತು ಕಲಿಯುವುದಿಲ್ಲ ಎಂಬ ಹೆದರಿಕೆಗೆ ಆಧಾರವಿಲ್ಲ.

ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಿಂದ ಇದೆ. ಶಿರಸಿಯಿಂದ ಕೂಸನ್ನು ಎತ್ತಿಕೊಂಡು ಅಲ್ಲಿಗೆ ಎಷ್ಟು ಸಲ ಹೋಗಲಾದೀತು? ಜಿಲ್ಲಾಕೇಂದ್ರ ಕಾರವಾರಕ್ಕೆ ಹೋಗಲೂ ಘಟ್ಟ ಇಳಿಯಬೇಕು. ತಿಂಗಳಿಗೊಮ್ಮೆಯಾದರೂ ವಾಕ್ ತಜ್ಞರು ಶಿರಸಿ, ಕುಮಟಾದ ಸರ್ಕಾರಿ ಆಸ್ಪತ್ರೆಗಳಿಗೆ ಬರುವಂತೆ ಆರೋಗ್ಯ ಇಲಾಖೆ ವ್ಯವಸ್ಥೆ ಮಾಡಲಿ. ಮಕ್ಕಳು ಬೇಕಾದ್ದನ್ನು ಮುಟ್ಟಿ ತೋರಿಸುವಂಥ ಚಿತ್ರಫಲಕವನ್ನು ಅಂಗನವಾಡಿಗಳಿಗೆ ಕೊಡಲಿ. ಅದರಲ್ಲಿ ನಮ್ಮ ಮಕ್ಕಳು ಉಣ್ಣುವ ಗಂಜಿ, ದೋಸೆಯ ಚಿತ್ರಗಳೇ ಇರಲಿ.

– ಒಬ್ಬ ಓದುಗ, ಶಿರಸಿ